ನಡೆಯುವವರ ತಲೆಗೆ ಕಟ್ಟಿದ ಮಾತು

ರಸ್ತೆ ಅಪಘಾತದಲ್ಲಿ ಸತ್ತವರ, ಕೈಕಾಲು ಕಳೆದುಕೊಂಡವರ ಪರವಾಗಿ ಪರಿಹಾರದ ಅರ್ಜಿ ನಡೆಸುವುದು ನನ್ನ ವಕೀಲಿಕೆ. ಬೆಂಗಳೂರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳ ಮುಂದೆ ಬರುವ ಈ ಅರ್ಜಿಗಳನ್ನು ನಾವು ಎಂವಿಸಿ ಕೇಸು ಎನ್ನುತ್ತೇವೆ. ಸತ್ತವರು ಕಾಲ್ನಡಿಗೆಯಲ್ಲಿದ್ದವರಾದರೆ ವಿಮಾ ಕಂಪನಿಯ ತಕರಾರಿನಲ್ಲಿ ಏನಿರುತ್ತದೆ ಎಂಬುದನ್ನು ಫೈಲು ಬಿಚ್ಚುವ ಮೊದಲೇ ಹೇಳಬಹುದು. ಮೃತರು ಜೀಬ್ರಾ ಪಟ್ಟೆ ಇಲ್ಲದ ಜಾಗದಲ್ಲಿ, ಅತ್ತಿತ್ತ ನೋಡದೆ, ಏಕಾಏಕಿ ರಸ್ತೆಗೆ ಅಡ್ಡ ಬಂದರು, ಚಾಲಕನದೇನೂ ತಪ್ಪಿಲ್ಲ. ಈ ಒಕ್ಕಣೆ ಹಳೆಯದು. ಈಚೆಗೆ ಅದರ ಜೊತೆಗೆ ಒಂದು ಅಮೆರಿಕನ್ ಪದವೂ ಸೇರಿಕೊಂಡಿದೆ: ಜೇ ವಾಕಿಂಗ್. ಸಂಚಾರ ಜಾಗೃತಿಯ ಭಾಷಣಗಳಲ್ಲಿ, ಪತ್ರಿಕೆಯ ತಲೆಬರಹಗಳಲ್ಲಿ, ಟೀವಿ ಚರ್ಚೆಗಳಲ್ಲಿ ಅದು ಕಾನೂನಿನ ಪದವೇ ಇರಬೇಕು ಎನ್ನುವಷ್ಟು ಸಲೀಸಾಗಿ ಓಡಾಡುತ್ತಿದೆ. 1988ರ ನಮ್ಮ ಮೋಟಾರು ವಾಹನ ಕಾಯ್ದೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಆ ಪದ ಸಿಗುವುದಿಲ್ಲ. ಅದು ಅಮೆರಿಕದ ಬೀದಿಯಲ್ಲಿ ಹುಟ್ಟಿದ ಒಂದು ಬೈಗುಳ.

ತುಮಕೂರು ರಸ್ತೆಯ ಒಂದು ಕೇಸು ಹೇಳುತ್ತೇನೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದ ಹೆಣ್ಣುಮಗಳು. ಸಂಜೆ ಕೆಲಸ ಮುಗಿಸಿ, ಎದುರು ಬದಿಯ ನಿಲ್ದಾಣದಲ್ಲಿ ಬಸ್ಸು ಹಿಡಿಯಲು ರಸ್ತೆ ದಾಟುವಾಗ ಸರಕು ಗಾಡಿ ಬಡಿದು ತೀರಿಕೊಂಡಳು. ಆಕೆಯ ಗಂಡ ಸಾಕ್ಷಿ ಕಟ್ಟೆಯಲ್ಲಿ ನಿಂತಿದ್ದ. ಪಾಟೀ ಸವಾಲಿನಲ್ಲಿ ಎದುರು ಪಕ್ಷದ ವಕೀಲರು, ‘ನಿಮ್ಮ ಹೆಂಡತಿ ಜೇ ವಾಕಿಂಗ್ ಮಾಡುತ್ತಿದ್ದರು ಎಂದರೆ ಸರಿಯೇ?’ ಎಂದು ಕೇಳಿದರು. ಆತನಿಗೆ ಪದ ತಿಳಿಯಲಿಲ್ಲ. ನ್ಯಾಯಾಧೀಶರ ಕಡೆ ತಿರುಗಿ, ‘ಇಲ್ಲ ಸ್ವಾಮಿ, ಕೆಲಸ ಬಿಟ್ಟು ಮನೇಗ್ ಬರ್ತಿದ್ಲು’ ಎಂದ. ಬೆರಳಚ್ಚಿನವರು ಎಂದಿನಂತೆ ‘ಸರಿಯಲ್ಲ’ ಎಂದು ದಾಖಲಿಸಿಕೊಂಡರು.

ಇಂಥ ಪ್ರಶ್ನೆ ಸುಮ್ಮನೆ ಬರುವುದಿಲ್ಲ. ಸತ್ತವರ ಕಡೆಯಿಂದಲೂ ಅಷ್ಟಿಷ್ಟು ನಿರ್ಲಕ್ಷ್ಯ ಇತ್ತು ಎಂದು ನ್ಯಾಯಮಂಡಳಿ ತೀರ್ಮಾನಿಸಿದರೆ ಪರಿಹಾರದಲ್ಲಿ ಅಷ್ಟು ಪಾಲು ಕಡಿತವಾಗುತ್ತದೆ. 20 ಲಕ್ಷ ರೂಪಾಯಿ ಪರಿಹಾರ ಎಂದು ಲೆಕ್ಕ ಬಂದು, ನಡೆಯುತ್ತಿದ್ದವರದು ಶೇ 25 ತಪ್ಪು ಎಂದಾದರೆ ಮನೆಯವರ ಕೈಗೆ ಬರುವುದು 15 ಲಕ್ಷ. ಆ 5 ಲಕ್ಷ ಒಂದು ಮಗುವಿನ ಡಿಪ್ಲೊಮಾ ಓದು, ಒಂದು ಮನೆಯ ಭೋಗ್ಯದ ಹಣ. ಒಂದು ಪದ ನ್ಯಾಯಾಲಯದ ಗಾಳಿಯಲ್ಲಿ ಸುಳಿದಾಡಿ, ಸತ್ತವರೇ ತಪ್ಪಿತಸ್ಥರೆಂಬ ಭಾವನೆಯನ್ನು ಸಾಕ್ಷ್ಯಕ್ಕಿಂತ ಮುಂಚೆ ಕೂರಿಸಿಬಿಟ್ಟರೆ, ಅದರ ಬೆಲೆ ಹೀಗೆ ರೂಪಾಯಿಯಲ್ಲಿ ಎಣಿಸಲು ಸಿಗುತ್ತದೆ. ಆದ್ದರಿಂದಲೇ ಈ ಪದದ ಜಾತಕ ಎಲ್ಲರಿಗೂ ಗೊತ್ತಿರಬೇಕು ಎಂದು ನನಗೆ ಅನ್ನಿಸುತ್ತದೆ.

ಜೇ ಎನ್ನುವುದು ಕಾಗೆಯ ಕುಲಕ್ಕೆ ಸೇರಿದ ಒಂದು ಹಕ್ಕಿ. ಗಲಾಟೆಯ ಹಕ್ಕಿ. ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಬೀದಿಮಾತಿನಲ್ಲಿ ಅದು ಮನುಷ್ಯರಿಗೆ ಅಂಟಿತು. ಪಟ್ಟಣದ ನಯನಾಜೂಕು ತಿಳಿಯದ, ಎತ್ತರದ ಕಟ್ಟಡ ನೋಡುತ್ತ ದಾರಿಯಲ್ಲಿ ಬಾಯಿ ಬಿಟ್ಟು ನಿಲ್ಲುವ ಹಳ್ಳಿಯವನು ‘ಜೇ’. ನಾವು ಹಳ್ಳಿಗುಗ್ಗು, ಗಮಾರ ಎಂದು ಯಾರನ್ನು ಹೀಯಾಳಿಸುತ್ತಿದ್ದೆವೋ ಅಂಥವನು. ಅದರಲ್ಲಿ ಊರಿನ ಸೊಕ್ಕು ತುಂಬಿತ್ತು. ಕಷ್ಟಪಟ್ಟು ದುಡಿಯುವ ರೈತನ ಮೇಲಿನ ತಾತ್ಸಾರ ಇತ್ತು.

ಈ ಬೈಗುಳ ರಸ್ತೆಗಿಳಿದಾಗ ಮೊದಲು ತಗಲಿದ್ದು ನಡೆಯುವವರಿಗಲ್ಲ. 1905ರ ಸುಮಾರಿಗೆ ಕ್ಯಾನ್ಸಸ್ ರಾಜ್ಯದ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ‘ಜೇ ಡ್ರೈವರ್’. ಗಾಡಿಯನ್ನೋ ಕಾರನ್ನೋ ರಸ್ತೆಯ ತಪ್ಪು ಬದಿಯಲ್ಲಿ ಓಡಿಸಿ ಎದುರಿನವರ ಪ್ರಾಣ ತೆಗೆಯುವ ತಿಳಿಗೇಡಿಗೆ ಆ ಹೆಸರು. ಅದರ ಬೆನ್ನಿಗೇ ‘ಜೇ ವಾಕರ್’ ಬಂತು. ಆಗ ಅದರ ಅರ್ಥ, ಪಾದಚಾರಿ ಮಾರ್ಗದಲ್ಲಿ ಬಲಬದಿ ಹಿಡಿಯದೆ ಎದುರು ಬರುವವರಿಗೆ ಡಿಕ್ಕಿ ಹೊಡೆಯುವವನು ಎಂದಷ್ಟೇ. ನಡೆಯುವವರು ನಡೆಯುವವರಿಗೇ ಹೇಳುತ್ತಿದ್ದ ಮಾತು. ಕಾರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಎರಡು ಪದಗಳಲ್ಲಿ ಚಾಲಕನನ್ನು ಬೈಯುವ ಪದ ಸತ್ತುಹೋಯಿತು, ನಡೆಯುವವನನ್ನು ಬೈಯುವ ಪದ ಸಮುದ್ರ ದಾಟಿ ನಮ್ಮ ಕೋರ್ಟಿನವರೆಗೂ ಬಂತು. ಇದು ತಾನಾಗಿ ಆದದ್ದಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಇತಿಹಾಸಕಾರ ಪೀಟರ್ ನಾರ್ಟನ್ ಅವರು ಹಳೆಯ ಪತ್ರಿಕೆಗಳನ್ನೂ ವಾಹನೋದ್ಯಮದ ಕಡತಗಳನ್ನೂ ಜಾಲಾಡಿ 2008ರಲ್ಲಿ ‘ಫೈಟಿಂಗ್ ಟ್ರಾಫಿಕ್’ ಎಂಬ ಪುಸ್ತಕ ಪ್ರಕಟಿಸಿದರು. ಬೀದಿಯ ಒಡೆತನ ಹೇಗೆ ಕೈ ಬದಲಾಯಿತು ಎಂಬುದರ ಬಗ್ಗೆ ನನ್ನ ಕಣ್ಣು ತೆರೆಸಿದ್ದು ಅದು.

ಆ ಕಾಲದ ಅಮೆರಿಕದ ಬೀದಿಯನ್ನು ಕಲ್ಪಿಸಿಕೊಳ್ಳುವುದು ಕನ್ನಡದವರಿಗೆ ಕಷ್ಟವಲ್ಲ. ಮಕ್ಕಳು ನಡುಬೀದಿಯಲ್ಲಿ ಆಡುತ್ತಿದ್ದರು. ತಳ್ಳುಗಾಡಿಯವರು ವ್ಯಾಪಾರ ಮಾಡುತ್ತಿದ್ದರು. ಟ್ರಾಮು ಹತ್ತುವವರು ಬೀದಿಯ ಮಧ್ಯಕ್ಕೆ ಹೋಗಿ ಹತ್ತುತ್ತಿದ್ದರು. ಎಲ್ಲಿ ಬೇಕೋ ಅಲ್ಲಿ ದಾಟುವುದು ತಪ್ಪು ಎಂಬ ಯೋಚನೆಯೇ ಯಾರಿಗೂ ಇರಲಿಲ್ಲ. ನ್ಯಾಯಾಲಯಗಳ ನಿಲುವೂ ಹಾಗೇ ಇತ್ತು: ರಸ್ತೆಯ ಮೇಲೆ ಎಲ್ಲರಿಗೂ ಸಮಾನ ಹಕ್ಕು, ಹೆಚ್ಚು ಅಪಾಯ ತರುವವನ ಮೇಲೆ ಹೆಚ್ಚು ಎಚ್ಚರಿಕೆಯ ಹೊಣೆ. ಇಷ್ಟು ಸರಳವಾದ, ನ್ಯಾಯವಾದ ಸೂತ್ರ ನೂರು ವರ್ಷದ ಹಿಂದೆ ಅಲ್ಲಿ ಚಾಲ್ತಿಯಲ್ಲಿತ್ತು ಎಂದು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಇವತ್ತು ನಾವು ಒಂದೊಂದು ಕೇಸಿನಲ್ಲೂ ಗಂಟಲು ಹರಿದುಕೊಂಡು ವಾದಿಸುವುದು ಇದನ್ನೇ.

ಕಾರುಗಳು ಹೆಚ್ಚಿದಂತೆ ಸಾವು ಹೆಚ್ಚಿತು. ಸತ್ತವರಲ್ಲಿ ನಗರಗಳ ಮಕ್ಕಳು, ಮುದುಕರು ಬಹಳ. 1920ರ ದಶಕದ ಆರಂಭದಲ್ಲಿ ಅಮೆರಿಕದ ಜನ ಈ ಸಾವುಗಳಿಗೆ ಸಾರ್ವಜನಿಕವಾಗಿ ಅತ್ತರು. ಇದು ನಮಗೆ ಗೊತ್ತಿರದ ಅಮೆರಿಕ. ಬಾಲ್ಟಿಮೋರ್ ನಗರದಲ್ಲಿ ಹಿಂದಿನ ವರ್ಷ ಅಪಘಾತಗಳಲ್ಲಿ ಸತ್ತ 130 ಮಕ್ಕಳ ನೆನಪಿಗೆ 1922ರಲ್ಲಿ ಒಂದು ಸ್ಮಾರಕ ಕಂಬ ನಿಲ್ಲಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ 10,000 ಮಕ್ಕಳ ಮೆರವಣಿಗೆ ಹೊರಟಿತು. ಅದರಲ್ಲಿ 1,054 ಮಕ್ಕಳದೇ ಒಂದು ಬೇರೆ ತಂಡ. ಹಿಂದಿನ ವರ್ಷ ಆ ನಗರದಲ್ಲಿ ಅಪಘಾತಗಳಿಗೆ ಸಿಕ್ಕಿ ಸತ್ತ ಒಂದೊಂದು ಮಗುವಿಗೆ ಒಂದೊಂದು ಮಗು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಕೊಡುವಂಥದೇ ಗೌರವವನ್ನು ಬೀದಿಯಲ್ಲಿ ಮಗುವನ್ನು ಕಳೆದುಕೊಂಡ ತಾಯಿಗೂ ಕೊಡುತ್ತಿದ್ದರು. ಆ ಮಕ್ಕಳು ಯಾಕೆ ಬೀದಿಗೆ ಹೋದರು ಎಂದು ಆಗ ಯಾರೂ ಕೇಳಲಿಲ್ಲ. ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಕಾರಿನ ಚಕ್ರ ಹಿಡಿದು ಕೂತವನು ಯಮನೇ ಆಗಿದ್ದ.

1923ರಲ್ಲಿ ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ 42,000 ಜನ ಒಂದು ಮನವಿಗೆ ಸಹಿ ಹಾಕಿದರು. ಊರೊಳಗೆ ಓಡುವ ಪ್ರತಿ ಕಾರಿಗೂ ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್ ಮೀರದಂತೆ ತಡೆಯುವ ಯಂತ್ರ ಕಡ್ಡಾಯ ಮಾಡಬೇಕು ಎಂಬುದು ಬೇಡಿಕೆ. ನಮ್ಮ ಶಾಲಾ ಬಸ್ಸುಗಳಲ್ಲಿ ಈಗ ಇರುವ ವೇಗ ನಿಯಂತ್ರಕದ್ದೇ ಯೋಚನೆ. ಕಾರು ಮಾರುವವರು, ಕಾರು ಕ್ಲಬ್ಬಿನವರು ಬೆಚ್ಚಿಬಿದ್ದರು. ಇದು ಒಂದು ಊರಿನಲ್ಲಿ ಗೆದ್ದರೆ ದೇಶಕ್ಕೆಲ್ಲ ಹರಡುತ್ತದೆ. ವೇಗವೇ ಇಲ್ಲದ ಕಾರನ್ನು ಯಾರು ಕೊಳ್ಳುತ್ತಾರೆ? ಹಣ ಸುರಿದು ಪ್ರಚಾರ ಮಾಡಿ, ನಗರದ ಸುತ್ತ ಚೀನಾ ಗೋಡೆ ಕಟ್ಟಿದಂತಾಗುತ್ತದೆ ಎಂದು ಜನರನ್ನು ಹೆದರಿಸಿ, ಮತದಾನದಲ್ಲಿ ಆ ಪ್ರಸ್ತಾಪವನ್ನು ಸೋಲಿಸಿದರು. ಅಲ್ಲಿಂದ ಮುಂದೆ ಉದ್ಯಮಕ್ಕೆ ಒಂದು ವಿಷಯ ಖಚಿತವಾಯಿತು. ವಾಹನವನ್ನು ಕಟ್ಟಿಹಾಕುವ ಮಾತು ಮತ್ತೆ ಏಳಬಾರದೆಂದರೆ ಸಾವಿನ ಹೊಣೆ ವಾಹನದಿಂದ ಕೆಳಗಿಳಿಯಬೇಕು. ಹೊರಲು ಇನ್ನೊಂದು ತಲೆ ಬೇಕು.

ಆ ತಲೆಗೆ ಹೆಸರು ಸಿದ್ಧವಾಗಿಯೇ ಇತ್ತು. ಜೇ ವಾಕರ್‌ಗಳಿಲ್ಲದಿದ್ದರೆ ನಮ್ಮ ಮೋಜಿನ ಓಟದಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ ಎಂದು ಷಿಕಾಗೊದ ಕಾರು ಚಾಲಕರು 1909ರಷ್ಟು ಹಿಂದೆಯೇ ಗೊಣಗಿದ್ದು ಪತ್ರಿಕೆಯಲ್ಲಿ ಬಂದಿತ್ತು. ಕ್ಯಾನ್ಸಸ್ ಸಿಟಿ 1912ರಲ್ಲಿ, ನಡೆಯುವವರು ಎಲ್ಲಿ ದಾಟಬೇಕು ಎಂದು ವಿಧಿಸುವ ನಿಯಮ ತಂದಿತ್ತು. 1913ರ ಡಿಸೆಂಬರ್‌ನಲ್ಲಿ ಸಿರಾಕ್ಯೂಸ್ ನಗರದ ಒಂದು ಅಂಗಡಿಯ ಮುಂದೆ ಸಾಂತಾ ಕ್ಲಾಸ್ ವೇಷದವನೊಬ್ಬ ಧ್ವನಿವರ್ಧಕ ಹಿಡಿದು, ಅಡ್ಡ ದಾಟಿದವರನ್ನೆಲ್ಲ ‘ಜೇ ವಾಕರ್’ ಎಂದು ಕೂಗಿ ಹಂಗಿಸಿದ. ನ್ಯೂಯಾರ್ಕಿನ ಪೊಲೀಸ್ ಆಯುಕ್ತರು 1915ರಲ್ಲಿ ಈ ಪದ ಬಳಸಲು ಹೊರಟಾಗ ಅಲ್ಲಿನ ದೊಡ್ಡ ಪತ್ರಿಕೆ, ಇದು ಅತ್ಯಂತ ಅವಮಾನಕರ ಪದ, ನಾಗರಿಕರನ್ನು ಹೀಗೆ ಕರೆಯುವುದೇ ಎಂದು ಆಕ್ಷೇಪ ಎತ್ತಿತ್ತು. ಇವತ್ತು ನಮ್ಮ ಕನ್ನಡ ಪತ್ರಿಕೆಗಳಲ್ಲಿ ಯಾವ ಅಳುಕೂ ಇಲ್ಲದೆ ಅಚ್ಚಾಗುವ ಪದ, ಹುಟ್ಟಿದ ದೇಶದಲ್ಲೇ ಒಂದು ಕಾಲಕ್ಕೆ ಪತ್ರಿಕೆಯವರು ಬಾಯಿಗೆ ತರಲು ಹಿಂಜರಿದ ಪದ.

ಇಪ್ಪತ್ತರ ದಶಕದಲ್ಲಿ ಆ ಹಿಂಜರಿಕೆ ಕರಗಿತು. ಬಾಯ್ ಸ್ಕೌಟ್ ಹುಡುಗರ ಕೈಗೆ ಚೀಟಿ ಕೊಟ್ಟು ನಿಲ್ಲಿಸಿದರು. ಅಡ್ಡ ದಾಟಿದ ದೊಡ್ಡವರಿಗೆ ಆ ಹುಡುಗರು, ನೀವು ಮಾಡಿದ್ದಕ್ಕೆ ಜೇ ವಾಕಿಂಗ್ ಎನ್ನುತ್ತಾರೆ ಎಂದು ಬರೆದ ಚೀಟಿ ಕೊಡಬೇಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1920ರಲ್ಲಿ ಬೀದಿಯಲ್ಲೇ ಅಣಕು ನ್ಯಾಯಾಲಯ ಹೂಡಿ, ದಾರಿಹೋಕರನ್ನು ಎಳೆತಂದು ಜನರ ಮುಂದೆ ವಿಚಾರಣೆ ನಡೆಸಿದರು. 1924ರ ನ್ಯೂಯಾರ್ಕ್ ಸುರಕ್ಷತಾ ಅಭಿಯಾನದಲ್ಲಿ ಒಬ್ಬ ವಿದೂಷಕನನ್ನು ಫೋರ್ಡ್ ಮಾಡೆಲ್ ಟಿ ಕಾರಿನ ಮುಂದೆ ನಡೆಸಿ, ಕಾರಿನಿಂದ ಮತ್ತೆ ಮತ್ತೆ ಗುದ್ದಿಸಿದರು. ಸಾಯುವವನು ಕೋಡಂಗಿ, ಅವನ ಸಾವು ನಗೆಪಾಟಲು ಎಂಬುದು ಪಾಠ. ಸತ್ತ ಮಕ್ಕಳ ಹೆಸರಿನಲ್ಲಿ ಸಾವಿರ ಮಕ್ಕಳು ನಡೆದ ಊರಿನಲ್ಲೇ, ಎರಡೇ ವರ್ಷ ಕಳೆಯುವಷ್ಟರಲ್ಲಿ ಈ ಆಟ. ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅದೇ ಕಾಲಕ್ಕೆ ಅಮೆರಿಕದ ಕಾರು ತಯಾರಕರ ಒಕ್ಕೂಟ ಪತ್ರಿಕೆಗಳಿಗೆ ಉಚಿತವಾದ ಒಂದು ಸುದ್ದಿ ಸೇವೆ ಶುರು ಮಾಡಿತು. ವರದಿಗಾರರು ಅಪಘಾತದ ಮೂಲ ವಿವರ ಕಳಿಸಿದರೆ ಸಾಕು, ಒಕ್ಕೂಟದವರು ಪೂರ್ತಿ ಲೇಖನ ಬರೆದು ವಾಪಸು ಕಳಿಸುತ್ತಿದ್ದರು. ಆ ಲೇಖನಗಳಲ್ಲಿ ತಪ್ಪು ಬಹುತೇಕ ನಡೆಯುವವರದೇ. ಲಾಸ್ ಏಂಜಲೀಸ್‌ನಲ್ಲಿ 1925ರ ಜನವರಿಯಲ್ಲಿ ಬಂದ ಹೊಸ ಸಂಚಾರ ನಿಯಮವನ್ನು ಜಾರಿಗೆ ತರುವಾಗ ಅಲ್ಲಿನ ವಾಹನ ಕ್ಲಬ್ಬಿನವರು ಪೊಲೀಸರಿಗೆ ಕೊಟ್ಟ ಸಲಹೆಯೂ ಇದೇ ಜಾತಿಯದು: ದಂಡ ಹಾಕಲು ಹೋಗಬೇಡಿ, ಸೀಟಿ ಊದಿ, ಸುತ್ತಲಿನವರು ತಿರುಗಿ ನೋಡಿ ನಗುವಂತೆ ಮಾಡಿ. ನಗು ಕೆಲಸ ಮಾಡಿತು. 1928ರಲ್ಲಿ ಹರ್ಬರ್ಟ್ ಹೂವರ್ ವಾಣಿಜ್ಯ ಸಚಿವರಾಗಿದ್ದಾಗ ಸಿದ್ಧವಾದ ಮಾದರಿ ನಗರ ಸಂಚಾರ ಕಾನೂನು ಲಾಸ್ ಏಂಜಲೀಸ್ ನಿಯಮದ ಜಾಡನ್ನೇ ಹಿಡಿಯಿತು, ಊರೂರಿಗೆ ಹೋಯಿತು. ಎಲ್ಲರದಾಗಿದ್ದ ಬೀದಿ ವಾಹನದ್ದಾಯಿತು. ನಡೆಯುವವರಿಗೆ ಉಳಿದದ್ದು ಮೂಲೆಯ ಪಟ್ಟೆ.

ಸುರಕ್ಷತೆಗಾಗಿಯೇ ತಾನೇ ಮಾಡಿದ್ದು ಎಂದು ಕೇಳುವವರಿಗೆ ಆಮೇಲಿನ ಕತೆ ಉತ್ತರ. ಈ ಕಾನೂನು ಯಾರ ಮೇಲೆ ಬಿತ್ತು ನೋಡಿ. 2014ರ ಆಗಸ್ಟ್ 9ರಂದು ಮಿಸೌರಿಯ ಫರ್ಗ್ಯುಸನ್‌ನಲ್ಲಿ ಪೊಲೀಸ್ ಗುಂಡಿಗೆ ಬಲಿಯಾದ 18 ವರ್ಷದ ಮೈಕಲ್ ಬ್ರೌನ್‌ನನ್ನು ಪೊಲೀಸ್ ಅಧಿಕಾರಿ ಮೊದಲು ತಡೆದದ್ದು ರಸ್ತೆಯ ಮಧ್ಯೆ ನಡೆಯುತ್ತಿದ್ದಾನೆಂದು. ಮರುವರ್ಷ ಅಮೆರಿಕದ ನ್ಯಾಯ ಇಲಾಖೆ ಆ ಊರಿನ ಲೆಕ್ಕ ತೆಗೆಯಿತು. ರಸ್ತೆಯಲ್ಲಿ ನಡೆದ ರೀತಿ ಸರಿಯಿಲ್ಲ ಎಂದು ಹಾಕಿದ ಕೇಸುಗಳಲ್ಲಿ ಶೇ 95 ಕಪ್ಪುಜನರ ಮೇಲೆ. ಊರಿನಲ್ಲಿ ಅವರ ಪಾಲು ಶೇ 67. ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲೂ ಪತ್ರಕರ್ತರ ತನಿಖೆ 2017ರಲ್ಲಿ ಇಂಥದೇ ಅಂತರ ಕಂಡಿತು. ಅಟ್ಲಾಂಟಾದಲ್ಲಿ 2007ರಲ್ಲಿ ಇತಿಹಾಸಕಾರರ ಸಮ್ಮೇಳನಕ್ಕೆ ಬಂದಿದ್ದ ಫೆಲಿಪೆ ಫರ್ನಾಂಡೆಸ್ ಆರ್ಮೆಸ್ಟೊ ಎಂಬ ಬ್ರಿಟಿಷ್ ಪ್ರಾಧ್ಯಾಪಕರು ಒಂದು ಹೋಟೆಲಿನಿಂದ ಇನ್ನೊಂದಕ್ಕೆ ರಸ್ತೆ ದಾಟಿದ್ದಕ್ಕೆ ಪೊಲೀಸರು ಅವರನ್ನು ನೆಲಕ್ಕೆ ಕೆಡವಿ ಕೈಕೋಳ ತೊಡಿಸಿ ಗಂಟೆಗಟ್ಟಲೆ ಕೂಡಿಹಾಕಿದರು. ಅವರ ದೇಶದಲ್ಲಿ ರಸ್ತೆ ದಾಟುವುದು ಅಪರಾಧವೇ ಅಲ್ಲ.

ಆದರೆ ನನ್ನ ಮನಸ್ಸಿನಿಂದ ಹೋಗದಿರುವುದು ಜಾರ್ಜಿಯಾ ರಾಜ್ಯದ ಕಾಬ್ ಕೌಂಟಿಯ ಒಬ್ಬ ತಾಯಿಯ ಕೇಸು. 2010ರ ಏಪ್ರಿಲ್. ಮೂರು ಮಕ್ಕಳನ್ನು ಕರೆದುಕೊಂಡು ಸಂತೆಸಾಮಾನು ತರಲು ಹೋಗಿದ್ದವಳು. ಬಸ್ಸು ತಪ್ಪಿತು, ಮುಂದಿನ ಬಸ್ಸಿಗೆ ಕಾದು ಕತ್ತಲಾದ ಮೇಲೆ ಬಂದು ಇಳಿದಳು. ನಿಲ್ದಾಣದ ನೇರ ಎದುರಿಗೇ ಅವರ ಮನೆಯಿರುವ ಕಟ್ಟಡ. ನಡುವೆ ಅಗಲವಾದ ಹೆದ್ದಾರಿ. ದೀಪವಿರುವ ದಾಟುದಾರಿ ಸುಮಾರು ಅರ್ಧ ಕಿಲೋಮೀಟರ್ ದೂರ. ಮಕ್ಕಳನ್ನೂ ಚೀಲಗಳನ್ನೂ ಹಿಡಿದು ಅಲ್ಲಿಗೆ ಹೋಗಿ ಮತ್ತೆ ಅಷ್ಟೇ ದೂರ ವಾಪಸು ನಡೆಯಬೇಕು. ಅವಳೂ ಬಸ್ಸಿಳಿದ ಇತರರಂತೆ ರಸ್ತೆ ವಿಭಜಕದವರೆಗೆ ದಾಟಿ ನಿಂತಳು. ನಾಲ್ಕು ವರ್ಷದ ಮಗ ಕೈ ಬಿಡಿಸಿಕೊಂಡು ಮುಂದೆ ಓಡಿದ, ತಾಯಿ ಹಿಂದೆ ಓಡಿದಳು, ವ್ಯಾನೊಂದು ಬಡಿಯಿತು. ಮಗು ಸತ್ತಿತು, ತಾಯಿಗೂ ಕೈಯಲ್ಲಿದ್ದ ಕೂಸಿಗೂ ಗಾಯ. ಚಾಲಕ ನಿಲ್ಲಿಸದೆ ಹೋದ. ಅವನು ಕುಡಿದಿದ್ದ, ಗುದ್ದಿ ಓಡಿಹೋದ ಹಳೆಯ ಕೇಸುಗಳೂ ಅವನ ಮೇಲೆ ಇದ್ದವು. ಅವನು ಜೈಲಿನಲ್ಲಿ ಕಳೆದದ್ದು ಆರು ತಿಂಗಳು.

ಪ್ರಾಸಿಕ್ಯೂಷನ್ ಆ ತಾಯಿಯ ಮೇಲೂ ಕೇಸು ಹಾಕಿತು. ಜೇ ವಾಕಿಂಗ್ ಮಾಡಿ ಮಗುವಿನ ಸಾವಿಗೆ ಕಾರಣಳಾದಳು ಎಂದು 2011ರ ಜುಲೈನಲ್ಲಿ ಜ್ಯೂರಿ ಅವಳನ್ನು ತಪ್ಪಿತಸ್ಥಳೆಂದಿತು. ಅಪರಾಧದ ಹೆಸರು ವಾಹನದಿಂದಾದ ನರಹತ್ಯೆ. ಸ್ವಂತ ವಾಹನವೇ ಇಲ್ಲದ, ಬಸ್ಸಿನಲ್ಲಿ ಓಡಾಡುವ ಹೆಂಗಸಿನ ಮೇಲೆ. ಮೂರು ವರ್ಷದವರೆಗೆ ಜೈಲು ವಿಧಿಸಲು ಅವಕಾಶವಿತ್ತು, ಅಂದರೆ ಮಗುವನ್ನು ಕೊಂದು ಓಡಿಹೋದವನು ಒಳಗಿದ್ದದ್ದಕ್ಕಿಂತ ಆರು ಪಟ್ಟು. ದೇಶದೆಲ್ಲೆಡೆ ಕೂಗೆದ್ದ ಮೇಲೆ ನ್ಯಾಯಾಧೀಶರು ಜೈಲಿಗೆ ಕಳಿಸದೆ ಪ್ರೊಬೇಷನ್ ಕೊಟ್ಟರು, ಬೇಕಾದರೆ ಮರುವಿಚಾರಣೆ ಎಂದರು. ಅವಳು ಮರುವಿಚಾರಣೆಯನ್ನೇ ಆರಿಸಿಕೊಂಡಳು. 2013ರಲ್ಲಿ ನರಹತ್ಯೆಯ ಆರೋಪ ಹೋಯಿತು, ಜೇ ವಾಕಿಂಗ್‌ಗೆ 200 ಡಾಲರ್ ದಂಡ ಕಟ್ಟಿ ಕೇಸು ಮುಗಿಯಿತು. ಬಸ್ ನಿಲ್ದಾಣವನ್ನು ಅಲ್ಲಿ ಇಟ್ಟು ದಾಟುದಾರಿಯನ್ನು ಅಷ್ಟು ದೂರ ಇಟ್ಟವರನ್ನು ಯಾವ ಕಟಕಟೆಗೂ ಕರೆಯಲಿಲ್ಲ. ಕರೆಯಲು ಅವರಿಗೆ ಒಂದು ಬೈಗುಳದ ಹೆಸರೂ ಇರಲಿಲ್ಲ.

ಅಮೆರಿಕ ಈಗ ಹಿಂದಿರುಗಿ ನೋಡುತ್ತಿದೆ. ವರ್ಜೀನಿಯಾದಲ್ಲಿ 2021ರಿಂದ, ಬರೀ ಅಡ್ಡ ದಾಟಿದ್ದಕ್ಕೆ ಪೊಲೀಸರು ಯಾರನ್ನೂ ತಡೆಯುವಂತಿಲ್ಲ. ಮೊದಲು ನಿಯಮ ಮಾಡಿದ ಕ್ಯಾನ್ಸಸ್ ಸಿಟಿಯೇ 2021ರಲ್ಲಿ ಅದನ್ನು ತೆಗೆದುಹಾಕಿತು. ಕ್ಯಾಲಿಫೋರ್ನಿಯಾದಲ್ಲಿ 2023ರ ಜನವರಿ 1ರಿಂದ, ಕೂಡಲೇ ಡಿಕ್ಕಿಯಾಗುವಂಥ ಅಪಾಯ ಇದ್ದರೆ ಮಾತ್ರ ದಂಡ. ನ್ಯೂಯಾರ್ಕ್ ನಗರವೂ 1958ರಿಂದ ಇದ್ದ ನಿಷೇಧವನ್ನು 2024ರಲ್ಲಿ ರದ್ದು ಮಾಡಿತು. ಅಲ್ಲಿ ಅದರ ಹಿಂದಿನ ವರ್ಷ ಚೀಟಿ ಪಡೆದವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಜನ ಕಪ್ಪುಜನರು ಮತ್ತು ಲ್ಯಾಟಿನೊಗಳು. ಅವರು ಇಳಿಸಿದ ಹೊರೆಯನ್ನು ಈಗ ನಾವು ತಲೆಗೇರಿಸಿಕೊಳ್ಳುತ್ತಿದ್ದೇವೆ.

ನಮ್ಮ ಲೆಕ್ಕ ಅವರಿಗಿಂತ ಭೀಕರ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ 32,825 ಜನ ನಡೆಯುತ್ತಿದ್ದವರು. ಸುಮಾರು ಐವರಲ್ಲಿ ಒಬ್ಬರು. ಇವರು ಕಾರು ಕೊಳ್ಳುವ ಶಕ್ತಿ ಇದ್ದೂ ವಾಯುವಿಹಾರಕ್ಕೆ ಹೊರಟವರಲ್ಲ ಎಂಬುದು ನನ್ನ ಕಕ್ಷಿದಾರರ ಮುಖ ನೋಡಿದರೆ ಗೊತ್ತಾಗುತ್ತದೆ. ಗಾರ್ಮೆಂಟ್ಸ್ ಹೆಂಗಸರು, ಕಟ್ಟಡ ಕೆಲಸದವರು, ಸೊಪ್ಪು ಮಾರುವ ಅಜ್ಜಿ, ಮನೆಗೆಲಸ ಮುಗಿಸಿ ಇನ್ನೊಂದು ಮನೆಗೆ ಓಡುವವರು, ಶಾಲೆಯ ಮಕ್ಕಳು. ರಸ್ತೆ ಅಗಲವಾದಾಗ ಇವರನ್ನು ಯಾರೂ ಕೇಳಲಿಲ್ಲ. ಪಾದಚಾರಿ ಮಾರ್ಗದ ಮೇಲೆ ಟ್ರಾನ್ಸ್‌ಫಾರ್ಮರ್ ಕೂತಾಗ, ಜಲ್ಲಿ ಸುರಿದಾಗ, ಬೈಕು ಹತ್ತಿದಾಗ ಇವರು ಕೆಳಗಿಳಿದು ನಡೆದರು. ಸ್ಕೈವಾಕ್ ಕಟ್ಟಿದ್ದೇವಲ್ಲ ಎನ್ನುವವರು ಒಂಬತ್ತು ತಾಸು ಯಂತ್ರ ತುಳಿದ ಕಾಲಿನಲ್ಲಿ, ಕೈಯಲ್ಲಿ ತರಕಾರಿ ಚೀಲ ಹಿಡಿದು, ಎರಡು ಮಹಡಿ ಹತ್ತಿ ಇಳಿದು ನೋಡಲಿ.

ಹಾಗೆಂದು ನಡೆಯುವವರೆಲ್ಲ ನಿರಪರಾಧಿಗಳು ಎಂದು ನಾನು ವಾದಿಸುತ್ತಿಲ್ಲ. ಕಿವಿಗೆ ಫೋನು ಒತ್ತಿಕೊಂಡು ರಸ್ತೆಗೆ ಇಳಿಯುವವರಿದ್ದಾರೆ, ಕುಡಿದು ತೂರಾಡುತ್ತ ಬರುವವರಿದ್ದಾರೆ. ಎದುರಿಗೆ ಬಂದವನನ್ನು ಉಳಿಸಲು ಹೋಗಿ ತಾನೇ ಕಂಬಕ್ಕೆ ಗುದ್ದಿ ಸತ್ತ ಚಾಲಕನ ಹೆಂಡತಿಯ ಪರವಾಗಿಯೂ ನಾನು ಅರ್ಜಿ ನಡೆಸಿದ್ದೇನೆ. ತಪ್ಪು ಯಾರದು, ಎಷ್ಟು ಎಂಬುದನ್ನು ಸಾಕ್ಷ್ಯ ನೋಡಿ ಹೇಳಲು ನ್ಯಾಯಾಧೀಶರಿದ್ದಾರೆ. ವೇಗ ಎಷ್ಟಿತ್ತು, ಬ್ರೇಕಿನ ಗುರುತು ಎಷ್ಟು ಉದ್ದ, ಬೆಳಕು ಇತ್ತೇ ಎಂದು ಕೇಳಲಿ. ‘ಜೇ ವಾಕಿಂಗ್’ ಈ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ನಡೆಯುವವನು ದಾಟಿದ್ದೇ ತಪ್ಪು ಎಂದು ಮೊದಲೇ ತೀರ್ಪು ಕೊಟ್ಟು ಬಾಯಿ ಮುಚ್ಚಿಸುತ್ತದೆ. ಅದನ್ನು ಕಟ್ಟಿದ್ದೇ ಆ ಕೆಲಸಕ್ಕೆ.

ಆದ್ದರಿಂದ ಪತ್ರಿಕೆಯವರಲ್ಲಿ ನನ್ನದೊಂದು ಬಿನ್ನಹ. ಈ ಪದವನ್ನು ತಲೆಬರಹದಿಂದ ಕೈಬಿಡಿ. ‘ರಸ್ತೆ ದಾಟುತ್ತಿದ್ದ ಮಹಿಳೆ ಕಾರು ಬಡಿದು ಸಾವು’ ಎಂದರೆ ನಡೆದದ್ದಷ್ಟೂ ಬಂತು. ವರದಿಯಲ್ಲಿ ಆ ಜಾಗದಲ್ಲಿ ದಾಟಲು ದಾರಿ ಇತ್ತೇ ಎಂಬುದನ್ನೂ ಒಂದು ಸಾಲು ಬರೆಯಿರಿ. ಸಂಚಾರ ಪೊಲೀಸರು ಜಾಗೃತಿ ಸಪ್ತಾಹ ಮಾಡುವಾಗ ಶಾಲಾ ಮಕ್ಕಳ ಕೈಗೆ ಜೇ ವಾಕಿಂಗ್ ಫಲಕ ಕೊಡಬೇಡಿ. ಆ ಸ್ಕೌಟ್ ಹುಡುಗರ ಕೈಗೆ ಚೀಟಿ ಕೊಟ್ಟವರು ಯಾರು, ಯಾಕೆ ಕೊಟ್ಟರು ಎಂಬುದು ಈಗ ನಿಮಗೂ ಗೊತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಯೋಗ್ಯವಾದ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಹೇಳಿತು. ಹಕ್ಕಿರುವವರನ್ನು ಬೈಗುಳದಿಂದ ಕರೆಯುವ ಪದ್ಧತಿ ಆ ಮಾತಿಗೆ ಒಪ್ಪುವುದಿಲ್ಲ.

ಇನ್ನೊಂದು ಕೆಲಸ ಪೊಲೀಸ್ ಠಾಣೆಯಲ್ಲೇ ಆಗಬೇಕು, ಅದಕ್ಕೆ ಹೊಸ ಕಾಯ್ದೆ ಬೇಡ. ಅಪಘಾತದ ಸ್ಥಳ ಮಹಜರಿನ ಜೊತೆಗೆ ಒಂದು ಕೈನಕ್ಷೆ ಬರುತ್ತದೆ. ನನ್ನ ಕೈಗೆ ಬರುವ ನಕ್ಷೆಗಳಲ್ಲಿ ರಸ್ತೆಯ ಎರಡು ಗೆರೆ, ಮಧ್ಯೆ ವಿಭಜಕ, ಉತ್ತರ ದಿಕ್ಕಿನ ಬಾಣ, ಶವ ಬಿದ್ದ ಕಡೆ ಒಂದು ಗುಣಾಕಾರದ ಗುರುತು, ಹತ್ತಿರದ ಕರೆಂಟು ಕಂಬ, ಇಷ್ಟೇ ಇರುತ್ತದೆ. ಅದನ್ನು ನೋಡಿದವರಿಗೆ ಒಬ್ಬ ಮನುಷ್ಯ ಸುಮ್ಮನೆ ರಸ್ತೆಯ ಮಧ್ಯೆ ಬಂದು ಬಿದ್ದಂತೆ ಕಾಣುತ್ತದೆ. ಆ ನಕ್ಷೆಯ ಕೆಳಗೆ ನಾಲ್ಕು ಸಾಲು ಸೇರಿಸಲಿ. ಬಿದ್ದ ಜಾಗದಿಂದ ಹತ್ತಿರದ ದಾಟುದಾರಿಗೆ ಎಷ್ಟು ಮೀಟರ್? ಹತ್ತಿರದ ಬಸ್ ನಿಲ್ದಾಣಕ್ಕೆ ಎಷ್ಟು? ಆ ರಾತ್ರಿ ಬೀದಿದೀಪ ಉರಿಯುತ್ತಿತ್ತೇ? ವೇಗಮಿತಿಯ ಫಲಕ ಎಲ್ಲಿತ್ತು? ಒಂದು ಅಳತೆ ಟೇಪು, ಒಬ್ಬ ಕಾನ್‌ಸ್ಟೆಬಲ್, ಸ್ವಲ್ಪ ಹೊತ್ತು ಸಾಕು. ವಿಮಾ ಕಂಪನಿಯವರು ಆಮೇಲೆ ತಮ್ಮ ತಕರಾರು ಬರೆಯಲಿ. ಪಾಟೀ ಸವಾಲಿನ ಸರದಿ ನಮಗೆ ಬಂದಾಗ ನಕ್ಷೆ ಬರೆದ ತನಿಖಾಧಿಕಾರಿಯನ್ನೇ ಕಟ್ಟೆ ಹತ್ತಿಸಿ, ಆ ಮೀಟರ್ ಲೆಕ್ಕವನ್ನು ಗಟ್ಟಿಯಾಗಿ ಓದಿಸಲು ನಮಗೂ ದಾರಿಯಾಗುತ್ತದೆ.